ಐವತ್ತು ಕಿಲೋದ ಹುಡುಗಿ

ನನ್ನ ಮಗಳೂ ನನ್ನ ಅಕ್ಕನ ಮಗಳೂ ಒಬ್ಬಳೇ ಎಂದು ಸರ್ಕಾರ ಕಂಡುಹಿಡಿದದ್ದು ಒಂದು ಮಂಗಳವಾರ. ನಾನು ಅರೇಪ ರೊಟ್ಟಿಗೆ ಮೆಕ್ಕೆಜೋಳದ ಹಿಟ್ಟು ನಾದುತ್ತಿದ್ದೆ. ಮೊಬೈಲು ಸದ್ದು ಮಾಡಿತು. ಕೈ ಒರೆಸಿಕೊಂಡು ನೋಡಿದರೆ, 'ಅಭಿನಂದನೆಗಳು! ನಿಮ್ಮ ರೋಗಿಯ ಎರಡು ದಾಖಲೆಗಳು ಯಶಸ್ವಿಯಾಗಿ ಒಂದಾಗಿವೆ. ಇನ್ನು ಮುಂದೆ ಅವರು ದೇಶದ ಎಲ್ಲ ನೋಂದಣಿಗಳಲ್ಲೂ ಒಬ್ಬರೇ' ಎಂದಿತ್ತು. ಕೊನೆಗೊಂದು ನಗುವ ಮುಖ.

ನನಗೆ ಏನೂ ಅರ್ಥವಾಗಲಿಲ್ಲ. ಆದರೆ ನಾವು ತುನ್ಹಾ ಊರಿನವರು, ನಾಯಿಯನ್ನೂ ಬಹುವಚನದಲ್ಲೇ ಮಾತನಾಡಿಸುವವರು. ಯಾರಾದರೂ ಅಭಿನಂದಿಸಿದರೆ ಸುಮ್ಮನಿರಲಾಗುವುದಿಲ್ಲ. 'ತುಂಬಾ ಉಪಕಾರವಾಯಿತು, ದೇವರು ನಿಮಗೆ ಒಳ್ಳೆಯದು ಮಾಡಲಿ' ಎಂದು ಉತ್ತರ ಬರೆದು ಮತ್ತೆ ಹಿಟ್ಟಿಗೆ ಕೈ ಹಾಕಿದೆ. ಆ ಉತ್ತರವನ್ನೇ ನನ್ನ ಒಪ್ಪಿಗೆ ಪತ್ರವೆಂದು ಅವರು ಕಡತಕ್ಕೆ ಸೇರಿಸಿಕೊಂಡರು ಎಂಬುದು ತಿಳಿದದ್ದು ಎಷ್ಟೋ ದಿನದ ಮೇಲೆ.

ತಪ್ಪು ಪೂರ್ತಿ ಸರ್ಕಾರದ್ದು ಎಂದು ಹೇಳಿದರೆ ಪಾಪ ಬರುತ್ತದೆ. ನನ್ನ ಮಗಳ ಹೆಸರು ಮರಿಯಾ ದೆಲ್ ಕಾರ್ಮೆನ್. ನನ್ನ ಅಕ್ಕ ಫ್ಲೋರಾಲ್ಬಾಳ ಮಗಳ ಹೆಸರೂ ಮರಿಯಾ ದೆಲ್ ಕಾರ್ಮೆನ್. ಅಕ್ಕತಂಗಿಯರಾದ ನಾವು ಮದುವೆಯಾದದ್ದು ಅಣ್ಣತಮ್ಮಂದಿರನ್ನು. ಹಾಗಾಗಿ ಮಕ್ಕಳಿಗೆ ಅಪ್ಪನ ಕಡೆಯ ಅಡ್ಡಹೆಸರೂ ಒಂದೇ, ಅಮ್ಮನ ಕಡೆಯದೂ ಒಂದೇ. ಇಷ್ಟಕ್ಕೇ ನಿಂತಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ನಮ್ಮ ಅತ್ತೆ ಇದ್ದರಲ್ಲ, ದೋನ್ಯಾ ಎವುಫ್ರೊಸೀನಾ. ಅವರು ಎರಡು ಹೆಣ್ಣು ಕೂಸುಗಳನ್ನು ಹೊಟ್ಟೆ ಊದುವ ಯಾವುದೋ ಕಾಯಿಲೆಗೆ ಕಳೆದುಕೊಂಡವರು. ಮೊಮ್ಮಕ್ಕಳಾದರೂ ಉಳಿಯಲಿ ಎಂದು ಕಾರ್ಮೆನ್ ಮಾತೆಗೆ ಹರಕೆ ಹೊತ್ತರು: ಹೆಣ್ಣು ಹುಟ್ಟಿದರೆ ನಿನ್ನ ಹೆಸರೇ ಇಡುತ್ತೇನೆ, ನಿನ್ನ ದಿನವೇ ಅವಳ ದಿನ.

ಅಕ್ಕನ ಮಗಳು ಹುಟ್ಟಿದ್ದು ಮೇ ತಿಂಗಳಲ್ಲಿ, ನನ್ನವಳು ಜೂನ್ ಕೊನೆಗೆ. ಬೆಟ್ಟದ ಮೇಲಿನ ನಮ್ಮ ಹಳ್ಳಿಗೆ ಜನನ ಬರೆದುಕೊಳ್ಳುವ ಅಧಿಕಾರಿ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಜುಲೈ ಹದಿನಾರರ ಮಾತೆಯ ದಿನ. ಅತ್ತೆ ಅವರನ್ನು ಕೂರಿಸಿ ಕೋಳಿ ಸಾರು ಬಡಿಸಿದರು. ಎರಡನೆಯ ಬಟ್ಟಲಿನ ಹೊತ್ತಿಗೆ ಆ ಮನುಷ್ಯ ಯಾವ ತಾರೀಕಿಗೂ ಒಪ್ಪುವ ಹದಕ್ಕೆ ಬಂದಿದ್ದರು. ಎರಡು ಕೂಸುಗಳೂ ಅವತ್ತೇ, ಅದೇ ಹಳ್ಳಿಯಲ್ಲಿ, ಅದೇ ಹೆಸರಿನಲ್ಲಿ ಕಾಗದದ ಮೇಲೆ ಹುಟ್ಟಿದವು. ಮನೆಯಲ್ಲಿ ಯಾರಿಗೂ ಗೊಂದಲವಿರಲಿಲ್ಲ. ನನ್ನವಳು ಮೆಂಚಾ, ಕೂದಲು ಕೆಂಚಗಿದ್ದ ಅಕ್ಕನ ಮಗಳು ಮೋನಾ.

ಮಾತೆ ಹೆಸರನ್ನು ಸ್ವೀಕರಿಸಿದಳು, ಕಾಯಿಲೆಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾಲ್ಕನೆಯ ವಯಸ್ಸಿಗೆ ಇಬ್ಬರ ಹೊಟ್ಟೆಯೂ ಊದತೊಡಗಿತು, ಮೂಳೆ ಸೆಳೆಯತೊಡಗಿತು. ಕಾಯಿಲೆಯ ಪೂರ್ತಿ ಹೆಸರು ಹೇಳಿ ಮುಗಿಸುವುದರೊಳಗೆ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ನಮ್ಮಲ್ಲಿ ಇಂಥ ಅಪರೂಪದವನ್ನು 'ಅನಾಥ ಕಾಯಿಲೆ' ಎನ್ನುತ್ತಾರೆ. ರೋಗಿಗೆ ಅಪ್ಪ, ಅಮ್ಮ, ಅಜ್ಜಿ, ಹರಕೆ ಎಲ್ಲ ಇದ್ದರೂ ಕಾಯಿಲೆಗೆ ಯಾರೂ ದಿಕ್ಕಿಲ್ಲ ಎಂದು ಅರ್ಥ. ಹದಿನೈದು ದಿನಕ್ಕೊಮ್ಮೆ ಡ್ರಿಪ್‌ನಲ್ಲಿ ಒಂದು ಔಷಧ ಹೋದರೆ ಹೊಟ್ಟೆ ಇಳಿಯುತ್ತದೆ, ಮಗು ಶಾಲೆಗೆ ಹೋಗುತ್ತದೆ. ತಪ್ಪಿದರೆ ಮತ್ತೆ ಊದುತ್ತದೆ. ನನಗೆ ಗೊತ್ತಿರುವ ವೈದ್ಯವಿಜ್ಞಾನ ಇಷ್ಟೇ, ಇಷ್ಟು ಸಾಕೂ ಆಗಿತ್ತು.

ಮೆಂಚಾಳ ಔಷಧ ತುನ್ಹಾದ ಆಸ್ಪತ್ರೆಗೆ ಬರುತ್ತಿತ್ತು, ಮೋನಾಳದು ಅಕ್ಕ ಇರುವ ಬುಕರಮಾಂಗಾದ ಆಸ್ಪತ್ರೆಗೆ. ಎರಡು ಊರು, ಎರಡು ನೋಂದಣಿ. ಆಗ ರಾಜಧಾನಿ ಬೊಗೊತಾದಲ್ಲಿ ಏಕರೋಗಿ ಕಚೇರಿ ಎಂಬುದು ಹುಟ್ಟಿತು. ದೇಶದ ನೋಂದಣಿಗಳನ್ನೆಲ್ಲ ಹೊಂದಿಸಿ, ಒಬ್ಬನೇ ರೋಗಿ ಎರಡು ಕಡೆ ಲೆಕ್ಕಕ್ಕೆ ಬರದಂತೆ ನೋಡಿಕೊಳ್ಳುವುದು ಅದರ ಕೆಲಸ. ಕೆಲಸ ಶುರುವಾದ ಮೊದಲ ವಾರದಲ್ಲೇ ಮೆಂಚಾ ಮತ್ತು ಮೋನಾ ಒಬ್ಬಳಾದರು. ಬುಕರಮಾಂಗಾದ ದಾಖಲೆ ಹೊಸದು ಎಂದು ಅದನ್ನು ಉಳಿಸಿಕೊಂಡರು, ತುನ್ಹಾದ್ದನ್ನು ಅಳಿಸಿದರು.

ಅಂದರೆ ಅಳಿಸಿಹೋದದ್ದು ನನ್ನ ಮಗಳು.

ಒಂದು ಡ್ರಿಪ್ ತಪ್ಪಿತು. ಎರಡನೆಯದೂ ತಪ್ಪಿತು. ಮೆಂಚಾಳ ಸ್ಕರ್ಟಿನ ಗುಂಡಿ ಹಾಕಲಾಗದೆ ಪಿನ್ನು ಚುಚ್ಚಿದೆ. ಅವಳು ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಯ ಮೇಲಿನ ಚಿತ್ರ ನೋಡುತ್ತಿರುವಂತೆ ನಟಿಸುತ್ತಿದ್ದಳು. ಆ ಗೋಡೆಯ ಮೇಲೆ ಚಿತ್ರವೇ ಇಲ್ಲ.

ಅಕ್ಕ ಫೋನಿನಲ್ಲಿ ಅಬ್ಬರಿಸಿದಳು. ಬುಕರಮಾಂಗಾಕ್ಕೆ ಹೋದ ಮೇಲೆ ಅವಳ ಬಾಯಿಗೆ ಬಾಗಿಲಿಲ್ಲ.

"ಲೇ ಎದಿಲ್ಮಾ, ನಿನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ! ಹೋಗಿ ಟೇಬಲ್ ಗುದ್ದಿ ಕೇಳೇ. ನನ್ನ ಮಗಳ ಔಷಧದಲ್ಲಿ ಅರ್ಧ ಕೊಡ್ಲಾ? ಕೊಡ್ತೀನಿ. ಆದ್ರೆ ನರ್ಸಮ್ಮ ಹೇಳ್ತಾಳೆ, ಅರ್ಧರ್ಧ ಮಾಡಿದ್ರೆ ಇಬ್ಬರ ಹೊಟ್ಟೇನೂ ಊದುತ್ತೆ ಅಂತ."

"ಬೇಡ ಅಕ್ಕ. ನಾನು ಹೋಗಿ ಕೇಳ್ಕೊಂಡು ಬರ್ತೀನಿ."

"ಕೇಳ್ಕೊಂಡು ಅಲ್ಲ ಕಣೇ, ಕೇಳಿ ಬಾ!"

ಬೊಗೊತಾದ ಆ ಕಚೇರಿಯಲ್ಲಿ ಡಾಕ್ಟರ್ ಉರ್ದನೇಟಾ ಎಂಬವರಿದ್ದರು. ಅವರು ವೈದ್ಯರಲ್ಲ. ನಮ್ಮಲ್ಲಿ ಟೈ ಕಟ್ಟಿದವರೆಲ್ಲ ಡಾಕ್ಟರೇ. ತೆಳ್ಳಗಿನ, ಸಭ್ಯ ಮನುಷ್ಯ. ನನಗೆ ಕುರ್ಚಿ ಕೊಟ್ಟು ಕಾಫಿ ತರಿಸಿದರು.

"ಡಾಕ್ಟ್ರೆ, ಅವರು ಇಬ್ಬರು ಮಕ್ಕಳು," ಎಂದೆ. "ನನ್ನ ಮಗಳ ಹೆಸರು ಮರಿಯಾ..."

"ಹೆಸರು ಹೇಳ್ಬೇಡಿ!" ಅವರು ಅಂಗೈ ಅಡ್ಡ ಹಿಡಿದರು. "ರೋಗಿ ಹೆಸರು ನನ್ನ ಕಿವಿಗೆ ಬಿದ್ರೆ ನನ್ನ ಮೇಲೇ ನಾನು ವರದಿ ಬರೀಬೇಕಾಗುತ್ತೆ. ಗೋಪ್ಯತೆ, ಸೆನ್ಯೋರಾ. ಸಂಕೇತ ಹೇಳಿ."

ಮೊಬೈಲಿಗೆ ಬಂದಿದ್ದ ಹನ್ನೆರಡು ಅಕ್ಷರದ ಸಂಕೇತವನ್ನು ಓದಿದೆ. ಅವರು ಕಂಪ್ಯೂಟರಿಗೆ ಹಾಕಿ, ಮಗುವಿನ ಫೋಟೊ ನೋಡಿದವರಂತೆ ಮುಗುಳ್ನಕ್ಕರು.

"ಚೆನ್ನಾಗಿ ಒಂದಾಗಿದೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಖಚಿತ."

"ಅವರಿಬ್ರಿಗೂ ಬೇರೆ ಬೇರೆ ಗುರುತಿನ ಸಂಖ್ಯೆ ಇದೆಯಲ್ಲ ಡಾಕ್ಟ್ರೆ?"

"ಅದನ್ನ ನಾವು ಕೇಳೋದೇ ಇಲ್ಲ, ಅದೇ ನಮ್ಮ ಹೆಮ್ಮೆ. ನೋಡಿ, ಹೆಸರು, ಅಡ್ಡಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಇಷ್ಟನ್ನ ಗಿರಣಿಗೆ ಹಾಕ್ತೀವಿ ಅನ್ಕೊಳ್ಳಿ. ಹಿಟ್ಟು ಬರುತ್ತೆ. ಅದೇ ಸಂಕೇತ. ಹಿಟ್ಟು ನೋಡಿ ಯಾವ ತೆನೆದು ಅಂತ ಯಾರೂ ಹೇಳೋಕಾಗಲ್ಲ. ನಾನೂ ಹೇಳಲಾರೆ."

"ಒಂದೇ ಹೊಲದ ಎರಡು ತೆನೆ ಹಾಕಿದ್ರೆ?"

"ಒಂದೇ ಹಿಟ್ಟು ಬರುತ್ತೆ," ಎಂದರು ಸಂತೋಷದಿಂದ. "ಅದಕ್ಕೇ ಅದು ಒಂದೇ ತೆನೆ."

"ತಾಯಿ ಹೆಸರು ಹಾಕಿದ್ರೆ ಗೊತ್ತಾಗ್ತಿತ್ತಲ್ಲ."

"ತಾಯಂದಿರು ಎರಡನೇ ಹಂತದಲ್ಲಿ ಬರ್ತಾರೆ. ಅನುಮೋದನೆ ಬಾಕಿ ಇದೆ."

ನಾನು ಕಾಫಿ ಕೆಳಗಿಟ್ಟೆ. "ತೂಕ ಆದ್ರೂ ನೋಡಿ ಡಾಕ್ಟ್ರೆ. ಒಬ್ಬಳು ಇಪ್ಪತ್ತೆಂಟು ಕಿಲೋ, ಇನ್ನೊಬ್ಬಳು ಇಪ್ಪತ್ತೆರಡು."

"ಹೂಂ, ಇಲ್ಲಿದೆ. ಮಾರ್ಚ್ ಮೂರು, ಬೆಳಗ್ಗೆ ಇಪ್ಪತ್ತೆಂಟು, ಮಧ್ಯಾಹ್ನ ಇಪ್ಪತ್ತೆರಡು." ಅವರ ಮುಖದಲ್ಲಿ ನಿಜವಾದ ಕಳವಳ ಮೂಡಿತು. "ಮಗು ನೀರು ಸರಿಯಾಗಿ ಕುಡೀತಿಲ್ಲ ಅನ್ಸುತ್ತೆ."

"ಬೆಳಗ್ಗೆ ಬುಕರಮಾಂಗಾದಲ್ಲಿ, ಮಧ್ಯಾಹ್ನ ತುನ್ಹಾದಲ್ಲಿ!"

"ಅದನ್ನೂ ಗಮನಿಸಿದೆ. ಕಾಯಿಲೆ ಮಗೂನ ಇಷ್ಟು ತಿರುಗಾಡಿಸ್ಬಾರ್ದು ಸೆನ್ಯೋರಾ. ತಪ್ಪು ತಿಳ್ಕೋಬೇಡಿ."

ಮುಂದಿನ ವಾರ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಅಕ್ಕನೂ ನಾನೂ ಹೋದೆವು. ಕಣ್ಣಾರೆ ಕಂಡರೆ ಯಾವ ಕಂಪ್ಯೂಟರು ಏನು ಮಾಡೀತು ಎಂಬುದು ನಮ್ಮ ಲೆಕ್ಕ. ಬಾಗಿಲಲ್ಲಿ ನಾಲ್ವರನ್ನು ಕಂಡ ಕೂಡಲೇ ಡಾಕ್ಟರ್ ಉರ್ದನೇಟಾ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಬಿಟ್ಟರು.

"ರೋಗಿಯನ್ನ ಕರ್ಕೊಂಡು ಬಂದಿದೀರಾ? ಇಲ್ಲಿಗೆ? ನಾನು ನೋಡೋ ಹಾಗಿಲ್ಲ!"

"ತಿರುಗ್ರೀ ಸ್ವಾಮಿ," ಎಂದಳು ಅಕ್ಕ. "ಎರಡು ತಲೆ ಎಣಿಸೋಕೆ ಎಷ್ಟು ಓದಿರ್ಬೇಕು?"

"ಎಣಿಸೋದು ನನ್ನ ಅಧಿಕಾರದಲ್ಲಿಲ್ಲ ಸೆನ್ಯೋರಾ," ಎಂದರು ಅವರು ಗೋಡೆಗೆ.

"ಮಾಮಾ, ನಾವು ಇಲ್ಲಿದೀವಿ!" ಎಂದು ಮೆಂಚಾ ಮೋನಾ ಇಬ್ಬರೂ ಒಟ್ಟಿಗೆ ಕೂಗಿದರು.

ಉರ್ದನೇಟಾ ಕಿವಿಗೊಟ್ಟು ಕೇಳಿದರು. "ಒಂದೇ ದನಿ," ಎಂದರು ಮೆಲ್ಲಗೆ.

ಅಕ್ಕ ಕೈಚೀಲ ಎತ್ತಿದಳು. ನಾನು ಅವಳ ಕೈ ಹಿಡಿದುಕೊಂಡೆ. ಆ ಮನುಷ್ಯ ಕೆಟ್ಟವರಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ನಮಗೊಂದು ದಾರಿಯನ್ನೂ ಹೇಳಿದರು. ಬೇರ್ಪಡಿಕೆಯ ಅರ್ಜಿ ಎಂದು ಒಂದಿದೆ. ರೋಗಿ ತಾನು ಒಬ್ಬಳಲ್ಲ ಎಂದು ಬರೆದುಕೊಡಬೇಕು. ತನಿಖೆಗೆ ನೂರ ಎಂಬತ್ತು ಕೆಲಸದ ದಿನ. ಅಲ್ಲಿಯವರೆಗೆ ಸಂಕೇತ ಅಮಾನತು.

"ಅಮಾನತು ಅಂದ್ರೆ?"

"ತನಿಖೆ ಮುಗಿಯೋವರೆಗೂ ಔಷಧ ಇಲ್ಲ."

"ಯಾರಿಗಿಲ್ಲ? ಇವಳಿಗಾ, ಅವಳಿಗಾ?"

"ಇಬ್ಬರು ಅಂತ ನೀವೇ ಹೇಳ್ತಿದೀರಲ್ಲ. ಇಬ್ಬರಿಗೂ."

ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಕೂತಳು. ನನ್ನ ಮಗಳು ಇಬ್ಬರಲ್ಲೊಬ್ಬಳಾಗಬೇಕಾದರೆ ಅವಳ ಮಗಳ ಔಷಧವೂ ನಿಲ್ಲಬೇಕು. ನಾನು ಅದನ್ನು ಕೇಳಲಾರೆ, ಅವಳು ಬೇಡವೆನ್ನಲಾರಳು. "ಅರ್ಜಿ ಹಾಕೋದು ಬೇಡ ಅಕ್ಕ," ಎಂದು ನಾನೇ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಉಳಿದದ್ದು ತುತೇಲಾ. ಅನಾಥ ಕಾಯಿಲೆಯ ತಾಯಂದಿರು ಜ್ವರ ನೋಡುವುದನ್ನು ಕಲಿಯುವ ಮೊದಲು ಕಲಿಯುವುದು ತುತೇಲಾ ಬರೆಯುವುದನ್ನು. ವಕೀಲರು ಬೇಡ. ಬಿಳಿ ಹಾಳೆಯಲ್ಲಿ 'ನನ್ನ ಹಕ್ಕಿಗೆ ಪೆಟ್ಟು ಬಿದ್ದಿದೆ' ಎಂದು ಬರೆದು ನ್ಯಾಯಾಲಯಕ್ಕೆ ಕೊಟ್ಟರೆ ನ್ಯಾಯಾಧೀಶರು ಹತ್ತು ದಿನದೊಳಗೆ ತೀರ್ಪು ಕೊಡಲೇಬೇಕು. ಮೆಂಚಾಳಿಗಾಗಿ ನಾನು ಇದುವರೆಗೆ ಏಳು ಬರೆದಿದ್ದೆ. ಏಳನ್ನೂ ಗೆದ್ದಿದ್ದೆ. ಎಂಟನೆಯದನ್ನೂ ಗೆದ್ದೆ. 'ಸದರಿ ರೋಗಿಗೆ ನಲವತ್ತೆಂಟು ಗಂಟೆಯೊಳಗೆ ಔಷಧ ಒದಗಿಸತಕ್ಕದ್ದು' ಎಂದು ನ್ಯಾಯಾಧೀಶರು ಖಡಾಖಂಡಿತವಾಗಿ ಬರೆದರು. ಏಕರೋಗಿ ಕಚೇರಿ ಎರಡೇ ಗಂಟೆಯಲ್ಲಿ ಉತ್ತರ ಕೊಟ್ಟಿತು: ಸದರಿ ರೋಗಿಗೆ ಬುಕರಮಾಂಗಾದಲ್ಲಿ ಔಷಧ ಈಗಾಗಲೇ ಸಿಗುತ್ತಿದೆ, ಆದೇಶ ಪಾಲಿಸಲಾಗಿದೆ. ಇಷ್ಟು ಬೇಗ ಪಾಲನೆಯಾದ ತೀರ್ಪನ್ನು ತಮ್ಮ ಸೇವೆಯಲ್ಲೇ ಕಂಡಿಲ್ಲವೆಂದು ನ್ಯಾಯಾಧೀಶರು ಕಚೇರಿಯನ್ನು ಹೊಗಳಿದರು.

ಮೂರನೆಯ ಡ್ರಿಪ್ಪೂ ತಪ್ಪಿತು. ಮೆಂಚಾ ಶಾಲೆ ಬಿಟ್ಟಳು. ಸ್ನಾನ ಮಾಡಿಸುವಾಗ ಎಡಗಡೆ ಪಕ್ಕೆಯ ಕೆಳಗೆ ಕೈಗೆ ಗಟ್ಟಿ ಗಡ್ಡೆ ಸಿಗುತ್ತಿತ್ತು. "ನೋಯ್ತಿದೆಯಾ ಪುಟ್ಟಾ? ಹೇಳಿ," ಎಂದರೆ, "ಅಷ್ಟೇನಿಲ್ಲ," ಎನ್ನುತ್ತಿದ್ದಳು. ಮರ್ಯಾದೆ ಅವಳಿಗೂ ಬಂದುಬಿಟ್ಟಿತ್ತು.

ಬುಕರಮಾಂಗಾದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ನರ್ಸ್ ಫಿದೆಲೀನಾ. ಇಪ್ಪತ್ತಾರು ವರ್ಷದಿಂದ ಅದೇ ಕೋಣೆ, ಅದೇ ಬಿಳಿ ಚಪ್ಪಲಿ. ಕೊನೆಗೆ ಮೆಂಚಾಳನ್ನು ಆಕೆಯ ಮುಂದೆ ನಿಲ್ಲಿಸಿದೆವು. ಆಕೆ ಹೊಟ್ಟೆ ಮುಟ್ಟಿ ನೋಡಿದಳು, ಕಣ್ಣ ರೆಪ್ಪೆ ಎಳೆದು ನೋಡಿದಳು. ನಮ್ಮ ಕಥೆಯನ್ನು ಅರ್ಧಕ್ಕೇ ಕೈಯೆತ್ತಿ ನಿಲ್ಲಿಸಿದಳು.

"ಔಷಧ ಯಾವುದರ ಮೇಲೆ ಬರುತ್ತಮ್ಮಾ?"

"ಸಂಕೇತದ ಮೇಲೆ."

"ಸಂಕೇತದ ಮೇಲೆ ಬಾಟ್ಲಿ ಬರುತ್ತೆ. ಎಷ್ಟು ಬಾಟ್ಲಿ ಅನ್ನೋದು?"

ಆಕೆ ಮೂಲೆಯಲ್ಲಿದ್ದ ತೂಕದ ಯಂತ್ರವನ್ನು ಮುಂದಕ್ಕೆ ಎಳೆದಳು.

"ತೂಕದ ಮೇಲೆ," ಎಂದಳು ಫಿದೆಲೀನಾ. "ತೂಕ ಬರಿಯೋಳು ನಾನು. ಮೋನಾ, ಹತ್ತಮ್ಮ ಯಂತ್ರದ ಮೇಲೆ. ನೀನೂ ಹತ್ತೇ ಚಿಕ್ಕೋಳೇ. ಜಾಗ ಇದೆ, ಅವಳನ್ನ ತಬ್ಕೋ."

ಮಕ್ಕಳಿಬ್ಬರೂ ತಬ್ಬಿಕೊಂಡು ಯಂತ್ರದ ಮೇಲೆ ನಿಂತರು. ಮುಳ್ಳು ತೂಗಾಡಿ ಐವತ್ತಕ್ಕೆ ನಿಂತಿತು.

"ಮರಿಯಾ ದೆಲ್ ಕಾರ್ಮೆನ್, ವಯಸ್ಸು ಒಂಬತ್ತು, ತೂಕ ಐವತ್ತು," ಎಂದು ಆಕೆ ಬಾಯಲ್ಲಿ ಹೇಳುತ್ತ ಬರೆದುಕೊಂಡಳು. "ಇದ್ರಲ್ಲಿ ಸುಳ್ಳು ಏನಾದ್ರೂ ಇದೆಯಾ? ಇದ್ರೆ ಹೇಳಿ, ಈಗಲೇ ಹೊಡೆದು ಹಾಕ್ತೀನಿ."

"ಎಲ್ಲಿದೆ ಸುಳ್ಳು? ನನ್ನ ಗಂಡ ಹೇಳೋ ವಯಸ್ಸಿಗಿಂತ ನಿಜ," ಎಂದಳು ಅಕ್ಕ.

ಹದಿನೈದು ದಿನಕ್ಕೆ ಐವತ್ತು ಕಿಲೋ ತೂಕಕ್ಕೆ ತಕ್ಕ ಔಷಧ ಬಂತು. ಆವತ್ತಿನಿಂದ ಹದಿನೈದು ದಿನಕ್ಕೊಮ್ಮೆ ಮೆಂಚಾಳೂ ನಾನೂ ತುನ್ಹಾದಿಂದ ಆರು ಗಂಟೆ ಕಾಲ ಬಸ್ಸಿನಲ್ಲಿ ಕೂತು ಹೋಗುತ್ತೇವೆ. ರೋಗಿ ಒಬ್ಬಳಾದ್ದರಿಂದ ಕುರ್ಚಿಯೂ ಒಂದೇ. ಮಕ್ಕಳಿಬ್ಬರೂ ಅದರಲ್ಲೇ ಒತ್ತಿಕೊಂಡು ಕೂರುತ್ತಾರೆ. ಮೋನಾಳ ಎಡಗೈಗೊಂದು, ಮೆಂಚಾಳ ಬಲಗೈಗೊಂದು ಸೂಜಿ. "ಸರಿದುಕೊಳ್ಳೇ ದಡೂತಿ," "ನೀನೇ ಸರಿದುಕೋ, ನೀನು ಅಳಿಸಿಹೋದೋಳು," ಎಂದು ಜಗಳವಾಡುತ್ತ ಮೂರು ಗಂಟೆ ಕಳೆಯುತ್ತಾರೆ. ಎರಡು ತಿಂಗಳಿಗೆ ಮೆಂಚಾಳ ಸ್ಕರ್ಟಿನ ಪಿನ್ನು ತೆಗೆದು ಗುಂಡಿ ಹಾಕಿದೆ. ಶಾಲೆಗೆ ಕಳಿಸಿದೆ. ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಮೇಲಿನಿಂದ, "ಅಮ್ಮಾ, ನೋಡಿದ್ರಾ?" ಎಂದು ಕೂಗಿದಳು. ನಾನು ನೋಡಿದ್ದೆ, ಆದರೂ ಇನ್ನೊಂದು ಸಲ ಹತ್ತಿಸಿದೆ.

ಆದರೆ ಕಂಪ್ಯೂಟರಿಗೆ ಈ ಸಂತೋಷ ಬೇರೆ ರೀತಿ ಕಂಡಿತ್ತು. ಒಂಬತ್ತು ವರ್ಷದ ಹುಡುಗಿ ಹದಿನೈದು ದಿನದಲ್ಲಿ ಇಪ್ಪತ್ತೆರಡು ಕಿಲೋ ಹೆಚ್ಚಿದ್ದಾಳೆ! ತಾನಾಗಿಯೇ ಅವಳನ್ನು ಬೊಜ್ಜು ನಿವಾರಣೆಯ ಕಾರ್ಯಕ್ರಮಕ್ಕೆ ಸೇರಿಸಿತು. ಆಹಾರ ತಜ್ಞೆಯ ಫೋನು ಬಂತು. ಇನ್ನೂ ಚಿಕ್ಕ ಹುಡುಗಿಯ ದನಿ.

"ಸೆನ್ಯೋರಾ, ಬೆಳಗ್ಗೆ ಮಗುವಿಗೆ ಎಷ್ಟು ಅರೇಪ ಕೊಡ್ತೀರಿ?"

"ಎರಡು," ಎಂದೆ. ಆಮೇಲೆ ಪ್ರಾಮಾಣಿಕವಾಗಿರೋಣವೆಂದು ಮೋನಾಳದ್ದನ್ನೂ ಸೇರಿಸಿದೆ. "ಐದು."

ಆ ಕಡೆ ಉಸಿರೆಳೆದುಕೊಂಡ ಸದ್ದು. "ರಾತ್ರಿ?"

"ಎರಡು ತಟ್ಟೆ ಸೂಪು."

"ಸೆನ್ಯೋರಾ, ಮಗು ನಿಮ್ಮ ಹತ್ರ ಪ್ರೀತಿ ಕೇಳ್ತಿದೆ, ನೀವು ಊಟ ಕೊಡ್ತಿದೀರಿ," ಎಂದಳು ಬಹಳ ಮರುಕದಿಂದ. ಒಂದು ತಿಂಗಳಲ್ಲಿ ತೂಕ ಇಳಿಯದಿದ್ದರೆ ಔಷಧದ ಪ್ರಮಾಣವನ್ನು ಮರುಪರಿಶೀಲಿಸುತ್ತಾರಂತೆ. ಮುಂದಿನ ಡ್ರಿಪ್ಪಿನ ದಿನ ತಾನೇ ಬಂದು ನೋಡುತ್ತೇನೆ ಎಂದಳು.

ಬಂದಳು. ಒಂದೇ ಕುರ್ಚಿಯಲ್ಲಿ ಇಬ್ಬರು ಸಣಕಲು ಹುಡುಗಿಯರನ್ನು ಕಂಡು ಅವಳ ಕೈಯ ಕಾಗದ ಜಾರಿತು. ಫಿದೆಲೀನಾ ಅವಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದಳು. ಹುಡುಗಿ ಅತ್ತೇಬಿಟ್ಟಳು. ನನ್ನ ಎರಡೂ ಕೈ ಹಿಡಿದು, "ಇದು ಅನ್ಯಾಯ ಸೆನ್ಯೋರಾ. ನಾನು ಸುಮ್ಮನಿರಲ್ಲ, ಸರಿಪಡಿಸೇ ತೀರ್ತೀನಿ," ಎಂದಳು.

ನಮಗೆ ಕೆಡುಕು ಮಾಡಲೆಂದು ಯಾರೂ ಇದುವರೆಗೆ ಹೊರಟಿರಲಿಲ್ಲ. ಈ ಹುಡುಗಿಯಂತೂ ಎಲ್ಲರಿಗಿಂತ ಒಳ್ಳೆಯವಳು. ನನಗೆ ಭಯವಾಯಿತು.

ಐದನೆಯ ದಿನ ಸಂಜೆ, ನಾನು ಮೆಂಚಾಳ ಮುಂದೆ ಅರೇಪ ಇಡುವ ಹೊತ್ತಿಗೆ ಫೋನು ಬಂತು. ಡಾಕ್ಟರ್ ಉರ್ದನೇಟಾ.

"ಸೆನ್ಯೋರಾ, ಒಂದು ಗಂಭೀರವಾದ ದೂರು ಬಂದಿದೆ. ಒಬ್ಬರು ಆಹಾರ ತಜ್ಞೆ ಬರೆದಿದಾರೆ. ಸಂಕೇತ ಒಂದೇ ಆದ್ರೂ ರೋಗಿ ಇಬ್ಬರು ಅಂತೆ." ಅವರು ಕಾಗದ ಮಗುಚಿದ ಸದ್ದು ಕೇಳಿಸಿತು. "ಹಾಗಿದ್ರೆ ನಾನು ತಕ್ಷಣ ಸಂಕೇತ ಅಮಾನತು ಮಾಡಿ ತನಿಖೆ ಶುರು ಮಾಡ್ಬೇಕು. ನಿಮ್ಮನ್ನ ಕೇಳ್ದೆ ಮಾಡೋದು ಬೇಡ ಅನ್ಸಿತು. ನೀವು ತಾಯಿ. ನಿಮ್ಮ ಹೇಳಿಕೆ ಸಾಕು. ಹೇಳಿ, ಎಷ್ಟು ಜನ?"

ಈ ಪ್ರಶ್ನೆಯನ್ನು ಅವರು ಕೇಳಲಿ ಎಂದು ನಾನು ಎರಡು ಸಲ ಬಸ್ಸು ಹತ್ತಿದ್ದೆ, ಒಂದು ತುತೇಲಾ ಬರೆದಿದ್ದೆ. ಮೆಂಚಾ ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವಳ ಕೆನ್ನೆ ತುಂಬಿಕೊಂಡಿತ್ತು.

"ಒಬ್ಬಳೇ ಡಾಕ್ಟ್ರೆ," ಎಂದೆ.

"ಖಚಿತವಾ?"

"ನೂರಕ್ಕೆ ತೊಂಬತ್ತೊಂಬತ್ತು ಪಾಲು. ಸ್ವಲ್ಪ ದಪ್ಪ ಇದಾಳೆ, ಅಷ್ಟೇ."

ಅವರು ದೊಡ್ಡದಾಗಿ ಉಸಿರು ಬಿಟ್ಟರು. "ನನಗೂ ಗೊತ್ತಿತ್ತು ಸೆನ್ಯೋರಾ. ನಮ್ಮ ಯಂತ್ರ ತಪ್ಪು ಮಾಡಲ್ಲ. ದೂರು ಮುಚ್ಚಿಬಿಡ್ತೀನಿ. ತೂಕದ ವಿಷಯಕ್ಕೆ ಮೂಳೆ ದಪ್ಪ ಅಂತ ಬರೀತೀನಿ. ಮಗುವಿಗೆ ನನ್ನ ಆಶೀರ್ವಾದ ಹೇಳಿ."

"ಹೇಳ್ತೀನಿ. ತುಂಬಾ ಉಪಕಾರವಾಯ್ತು," ಎಂದು ಫೋನಿಟ್ಟೆ.

"ಅಮ್ಮಾ, ತಾವು ಸುಳ್ಳು ಹೇಳಿದ್ರಿ," ಎಂದಳು ಮೆಂಚಾ.

"ಹೌದು ಪುಟ್ಟಾ."

ಅವಳು ಕೈಯ ಬೆಣ್ಣೆಯನ್ನು ಸ್ಕರ್ಟಿಗೇ ಒರೆಸಿಕೊಂಡು ನನ್ನ ಮೊಬೈಲು ಎತ್ತಿಕೊಂಡಳು.

"ಮೋನಾಗೂ ಈಗಲೇ ಹೇಳ್ಬೇಕು. ಅವಳನ್ನ ಕೇಳಿದ್ರೆ ನಿಜ ಹೇಳಿಬಿಡ್ತಾಳೆ. ಅವಳು ದೊಡ್ಡಮ್ಮನ ಥರ."